ಕೊಡಗಿನ ಕಕ್ಕಡ ಮಾಸದ ಮಳೆ-ಚಳಿಯಲ್ಲಿ ಮೊಸರು, ಕರುಳು ಮತ್ತು ಸಕ್ಕರೆ ಕಾಯಿಲೆ

ಟೈಪ್ 2 ಮಧುಮೇಹ ಇರುವವರು ಪ್ರೊಬಯಾಟಿಕ್ (ಜೀವಂತ ಉಪಕಾರಿ ಬ್ಯಾಕ್ಟೀರಿಯಾ) ಕ್ಯಾಪ್ಸೂಲ್‌ಗೆ ಹಣ ಸುರಿಯುವ ಮೊದಲು, ಹೊಟ್ಟೆಯಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾಗಳಿಗೆ ಸರಿಯಾಗಿ ಊಟ ಹಾಕುವುದು ಒಳ್ಳೆಯದು. ನಮಗೆ ಜೀರ್ಣವಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್, ಪ್ರೊಪಿಯೊನೇಟ್ ಮುಂತಾದ ಆಮ್ಲಗಳನ್ನು ತಯಾರಿಸುತ್ತವೆ; ಇವು ಕರುಳಿನ ಒಳಪದರವನ್ನು ಕಾಯುವುದಲ್ಲದೆ, ಇನ್ಸುಲಿನ್ ಸ್ರವಿಸಲು ಪ್ರೇರೇಪಿಸುವ ಜಿಎಲ್‌ಪಿ-1 ಹಾರ್ಮೋನಿನ ಬಿಡುಗಡೆಗೂ ನೆರವಾಗುತ್ತವೆ. ಚೀನಾದ ಮಧುಮೇಹಿಗಳಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಕಡಿಮೆಯಿವೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಆದರೆ ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೇ ಈ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆ ಎಂದು 2015ರಲ್ಲಿ ಸ್ಪಷ್ಟವಾದ ಮೇಲೆ, ಕಾಯಿಲೆಯ ಪರಿಣಾಮ ಯಾವುದು, ಮಾತ್ರೆಯದು ಯಾವುದು ಎಂದು ಬೇರ್ಪಡಿಸಿ ನೋಡಬೇಕಾಯಿತು.

ಮೊದಲ ವಾರ ಊಟದಲ್ಲಿ ಏನನ್ನೂ ಬದಲಿಸದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಊಟವಾಗಿ 2 ಗಂಟೆ ಕಳೆದ ಮೇಲೆ ರಕ್ತದ ಸಕ್ಕರೆಯನ್ನು ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಆಮೇಲೆ ಒಂದು ಹೊತ್ತಿನ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಅಥವಾ ಅಕ್ಕಿ ರೊಟ್ಟಿಯನ್ನು ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಹೆಸರುಕಾಳು, ಅಲಸಂದೆ, ಸೊಪ್ಪು ಅಥವಾ ಬೈಂಬಳೆ (ಬಿದಿರಿನ ಕಳಲೆ) ಕರಿಯನ್ನು ತನ್ನಿ. ಬೈಂಬಳೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿಯೇ ತಿನ್ನಬೇಕು, ಏಕೆಂದರೆ ಹಸಿಯದರಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಜೀವಂತ ಬ್ಯಾಕ್ಟೀರಿಯಾಕ್ಕೆ ಮೊಸರೇ ಸುಲಭದ ದಾರಿ, ಆದರೆ ಮಡಿಕೇರಿಯ ಮಳೆಗಾಲದಲ್ಲಿ ಅದು ಹೆಪ್ಪುಗಟ್ಟುವುದೇ ಕಷ್ಟ. ಕಾಯಿಸಿದ ಹಾಲು ಬೆರಳು ತಾಳುವಷ್ಟು ಬಿಸಿಗೆ ಇಳಿದಾಗ ಒಂದು ಚಮಚ ಹೆಪ್ಪು ಬೆರೆಸಿ, ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ, ಬೆಂಕಿ ಆರಿದ ಒಲೆಯ ಪಕ್ಕದಲ್ಲಿ ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ಪಾತ್ರೆಯನ್ನು ವಾಲಿಸಿದಾಗ ಮೊಸರು ಅಂಚಿನಿಂದ ಒಂದೇ ಗಡ್ಡೆಯಾಗಿ ಬಿಟ್ಟುಕೊಳ್ಳಬೇಕು. ಈ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಕರುಳಿನಲ್ಲಿ ಶಾಶ್ವತವಾಗಿ ನೆಲೆಯೂರುವುದಿಲ್ಲವಾದ್ದರಿಂದ ಸಕ್ಕರೆ ಹಾಕದ ಮೊಸರನ್ನೋ ಮಜ್ಜಿಗೆಯನ್ನೋ ದಿನವೂ ಸೇವಿಸಬೇಕಾಗುತ್ತದೆ, ಮತ್ತು ಅದನ್ನು ಕುದಿಸಿ ಮಜ್ಜಿಗೆಹುಳಿ ಮಾಡಿದರೆ ಅವು ಸಾಯುತ್ತವೆ. (ಕೊಡಗಿನ ಅಡುಗೆಯ ಕಾಚಂಪುಳಿ ಎಷ್ಟೇ ಹುಳಿಯಿದ್ದರೂ ಕುದಿಸಿ ಗಟ್ಟಿಮಾಡಿದ ಹಣ್ಣಿನ ರಸ, ಅದನ್ನು ಪ್ರೊಬಯಾಟಿಕ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ.)

ಕ್ಯಾಪ್ಸೂಲ್ ಬೇಕೇಬೇಕೆಂದರೆ, ಲೇಬಲ್‌ನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಥವಾ ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ತಳಿಯ ಹೆಸರು, ಅವಧಿ ಮುಗಿಯುವವರೆಗೆ ಜೀವಂತವಾಗಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಮತ್ತು ಶೇಖರಿಸುವ ಉಷ್ಣತೆ ಇವೆಯೇ ಎಂದು ನೋಡಿ. ಪ್ರಯೋಗಗಳಲ್ಲಿ ಇದರಿಂದ ಕಂಡ ಸಕ್ಕರೆಯ ಇಳಿಕೆ ಸಣ್ಣದು, ಎಲ್ಲರಲ್ಲೂ ಒಂದೇ ರೀತಿ ಇಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ಬಳಸುವವರು ಅನ್ನ, ರೊಟ್ಟಿ ತಗ್ಗಿಸಿದಾಗ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದಾದ್ದರಿಂದ, ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ ಡೋಸ್ ಸರಿಪಡಿಸಿಕೊಳ್ಳಬೇಕು; ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. 3 ತಿಂಗಳಿಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಹಿಂದಿನದರೊಂದಿಗೆ ಹೋಲಿಸಿ ನೋಡಿ.