ಬಾಕ್ಸು ಎರಡು ಸಾವಿರವಾದಾಗಲೂ ನಲವತ್ತೈದಕ್ಕೇ ಕೊಟ್ಟೆವು

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ ವಾರ, ಮಾಲೂರು ತಾಲ್ಲೂಕಿನ ನಾವು ಹನ್ನೊಂದು ಮನೆಯವರು ಬೆಂಗಳೂರಿನ ಆರು ಅಪಾರ್ಟ್‌ಮೆಂಟ್‌ಗಳಲ್ಲಿ ಕೆ.ಜಿ.ಗೆ 45 ರೂಪಾಯಿಯಂತೆ ಹಣ್ಣು ಇಳಿಸಿ ಬಂದೆವು. ಊರಿನಲ್ಲಿ ನಕ್ಕವರಿಗೆ ಲೆಕ್ಕವಿಲ್ಲ. ನಮ್ಮ ಚಿಕ್ಕಪ್ಪನವರು ಅರಳಿಕಟ್ಟೆಯ ಮುಂದೆಯೇ ನಿಲ್ಲಿಸಿ, "ಬೆಂಗಳೂರಿನವರಿಗೆ ಧರ್ಮಕ್ಕೆ ಹಂಚುವಷ್ಟು ದೊಡ್ಡ ಸಾಹುಕಾರನಾದೆಯೇನಪ್ಪಾ?" ಎಂದು ಕೇಳಿದರು. ಈಗ ಅದೇ ಚಿಕ್ಕಪ್ಪನವರು ತಮ್ಮ ಒಂದೂವರೆ ಎಕರೆಯನ್ನು ನಮ್ಮ ಗುಂಪಿಗೆ ಸೇರಿಸಿದ್ದಾರೆ. ಆದ್ದರಿಂದ ನಡೆದದ್ದನ್ನು ಬರೆದಿಡಬಹುದೆಂದು ಧೈರ್ಯ ಬಂದಿದೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ. ಹತ್ತಿಪ್ಪತ್ತು ಸಾವಿರ ಆಚೀಚೆ ಇರಬಹುದು.

ಮೊದಲು ಸೋತ ಕಥೆ. 2016ರಿಂದ ಸುಮಾರು ಎರಡೂವರೆ ವರ್ಷ ನಾನು ಬೆಳೆದ ದಪ್ಪ ಮೆಣಸಿನಕಾಯಿ, ಬೀನ್ಸ್, ಟೊಮೆಟೊ ಎಲ್ಲವನ್ನೂ ಒಂದು ದೊಡ್ಡ ಸೂಪರ್‌ಮಾರ್ಕೆಟ್‌ನವರು ರೈತರಿಂದ ನೇರವಾಗಿ ಮಾಲು ಕೊಳ್ಳುವ ಕಲೆಕ್ಷನ್ ಸೆಂಟರ್‌ಗೇ ಹಾಕುತ್ತಿದ್ದೆ. ಎಪಿಎಂಸಿಯ ಹರಾಜು ಮಂಡಿಯಲ್ಲಿ ನೂರಕ್ಕೆ ಹತ್ತು ಕಮಿಷನ್, ಹಮಾಲಿ, ಬಾಕ್ಸು ಬಾಡಿಗೆ ಎಂದು ಲೆಕ್ಕದ ಪಟ್ಟಿಯಲ್ಲಿ ಮುರಿದುಕೊಳ್ಳುವುದನ್ನು ನೋಡಿ ಬೇಸತ್ತಿದ್ದ ನನಗೆ, ತೂಕ ಸರಿಯಾಗಿ ಹಾಕಿ ಹಣವನ್ನು ಬ್ಯಾಂಕಿಗೇ ಕಳಿಸುವ ಆ ಸೆಂಟರ್ ಸ್ವರ್ಗದಂತೆ ಕಂಡಿತು. ನಾಳೆಗೆ ಎಷ್ಟು ಮಾಲು ಬೇಕೆಂಬ ಇಂಡೆಂಟ್ ಹಿಂದಿನ ರಾತ್ರಿ ಒಂಬತ್ತಕ್ಕೆ ಬರುತ್ತಿತ್ತು. ಬೆಳಿಗ್ಗೆ ಕೋಲಾರದ ದರ ನೋಡಿ, ಅದರ ಮೇಲೆ ರೂಪಾಯಿಯೋ ಎರಡೋ ಸೇರಿಸಿ ಕೊಡುತ್ತಿದ್ದರು. ಅಂದರೆ ದರವನ್ನು ಹರಾಜಿನಿಂದ ಎರವಲು ಪಡೆದು, ಹರಾಜಿಗೆ ಬಂದ ಮಾಲನ್ನೆಲ್ಲ ಕೊಳ್ಳಲೇಬೇಕಾದ ಹೊಣೆಯನ್ನು ಮಾತ್ರ ಮಂಡಿಯವರಿಗೇ ಬಿಟ್ಟಿದ್ದರು. ಈ ಸಣ್ಣ ವಿಷಯ ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಮಾಲು ಕಡಿಮೆ ಇದ್ದಾಗ 400 ಕೆ.ಜಿ. ಇಂಡೆಂಟ್ ಬರುತ್ತಿತ್ತು, ಹತ್ತರಲ್ಲಿ ಅರ್ಧ ಕೆ.ಜಿ.ಯೂ ರಿಜೆಕ್ಟ್ ಆಗುತ್ತಿರಲಿಲ್ಲ. ಮಾಲು ಹೆಚ್ಚಾದ ವಾರ ಅದೇ ಇಂಡೆಂಟ್ 90 ಕೆ.ಜಿ.ಗೆ ಇಳಿಯುತ್ತಿತ್ತು ಮತ್ತು ಅದೇ ಹೊಲದ, ಅದೇ ಗಿಡದ ಹಣ್ಣಿನಲ್ಲಿ ನೂರಕ್ಕೆ ಮೂವತ್ತು "ಸೈಜ್ ಇಲ್ಲ" ಎಂದು ಪಕ್ಕಕ್ಕೆ ಬೀಳುತ್ತಿತ್ತು. ಗ್ರೇಡಿಂಗ್ ಎನ್ನುವುದು ಹಣ್ಣಿನ ಗುಣವನ್ನು ಅಳೆಯುವ ಕೆಲಸವೆಂದು ನಾವು ತಿಳಿದಿದ್ದೆವು. ಅದು ಅವರ ಗೋಡೌನಿನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬುದನ್ನು ಅಳೆಯುವ ಕೆಲಸವಾಗಿತ್ತು. ರಿಜೆಕ್ಟ್ ಆದ ಮಾಲು ಕೈಗೆ ಬರುವಷ್ಟರಲ್ಲಿ ಬೆಳಗಿನ ಹರಾಜು ಮುಗಿದಿರುತ್ತಿತ್ತು. 2018ರ ಕೊನೆಯಲ್ಲಿ ಒಂದೇ ಬೆಳೆಯ ದಪ್ಪ ಮೆಣಸಿನಕಾಯಿಯಲ್ಲಿ ಸುಮಾರು 1.8 ಲಕ್ಷ ಕಳೆದುಕೊಂಡೆ.

ಅದಾದ ಮೇಲೆ ನಾಲ್ಕು ಮನೆಯವರು ಸೇರಿ ವೈಟ್‌ಫೀಲ್ಡ್ ಕಡೆ ಒಂದು ತರಕಾರಿ ಅಂಗಡಿ ತೆರೆದೆವು. ಬಾಡಿಗೆ ತಿಂಗಳಿಗೆ 28 ಸಾವಿರ, ಇಬ್ಬರು ಹುಡುಗರ ಸಂಬಳ, ಕರೆಂಟು. ಆಲೂಗಡ್ಡೆ, ಈರುಳ್ಳಿ, ನಿಂಬೆಹಣ್ಣು ಇಲ್ಲದ ಅಂಗಡಿಗೆ ಯಾರೂ ಬರುವುದಿಲ್ಲವಾದ್ದರಿಂದ ಅವನ್ನು ನಾವೇ ಮಾರುಕಟ್ಟೆಯಲ್ಲಿ ಕೊಂಡು ತರಬೇಕಾಯಿತು. ರೈತರ ಅಂಗಡಿ ಎಂದು ಬೋರ್ಡು ಹಾಕಿಕೊಂಡು ನಾವೇ ದಲ್ಲಾಳಿಗಳಾದೆವು. ಐದು ತಿಂಗಳಿಗೆ ಬಾಗಿಲು ಮುಚ್ಚಿದಾಗ ನಷ್ಟ ಮೂರೂವರೆ ಲಕ್ಷದ ಹತ್ತಿರ ಇತ್ತು. ಇದನ್ನು ಹೆಚ್ಚು ಬೆಳೆಸುವುದಿಲ್ಲ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಎಲ್ಲರಂತೆ ನಾವೂ ಅಪಾರ್ಟ್‌ಮೆಂಟ್‌ಗಳಿಗೆ ತರಕಾರಿ ಒಯ್ದೆವು. ಅಂಗಡಿಗಳ ಕಪಾಟು ಖಾಲಿ, ನಮ್ಮ ಹೊಲದಲ್ಲಿ ಎಲೆಕೋಸು ಕೊಳೆಯುತ್ತಿದೆ, ನಡುವೆ ಇರುವುದು ನಲವತ್ತೈದು ಕಿಲೋಮೀಟರ್ ರಸ್ತೆ. ವಾರಕ್ಕೆ ಐದು ಟನ್ ಹೋಗುತ್ತಿತ್ತು, ಗೇಟಿನಲ್ಲಿ ಜನ ಚಪ್ಪಾಳೆ ತಟ್ಟಿದ್ದೂ ಉಂಟು. ಅಂಗಡಿಗಳೂ ಮೊಬೈಲ್ ಆ್ಯಪ್‌ಗಳೂ ಮೊದಲಿನಂತಾದ ಮೇಲೆ ಆ ಐದು ಟನ್ ನಾನೂರು ಕೆ.ಜಿ.ಗೆ ಇಳಿಯಿತು. ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ನಮ್ಮ ಬಳಿ ಉಳಿಸಿಕೊಳ್ಳುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ: ದರ ಸುಮಾರು ಅಷ್ಟೇ, ಅನುಕೂಲ ಕಡಿಮೆ.

2022ರ ಆರಂಭದಲ್ಲಿ ನಾನು ಹೊಸ ಮಾತು ಹಿಡಿದು ಒಂದೊಂದೇ ಅಪಾರ್ಟ್‌ಮೆಂಟ್ ಹತ್ತಿದೆ. ಟೊಮೆಟೊ ದರ ಕೆ.ಜಿ.ಗೆ ಹಿಂದಿನ ಸೋಮವಾರದ ಕೋಲಾರದ ದರಕ್ಕೆ ಹತ್ತು ರೂಪಾಯಿ ಸೇರಿಸಿದಷ್ಟು. ಆದರೆ ವರ್ಷಪೂರ್ತಿ ಅದು ಯಾವ ಕಾರಣಕ್ಕೂ 20ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಯಾವ ಕಾರಣಕ್ಕೂ 45ಕ್ಕಿಂತ ಮೇಲೆ ಹೋಗುವುದಿಲ್ಲ. ಬೀನ್ಸ್, ಎಲೆಕೋಸು, ಕ್ಯಾರೆಟ್, ಮೂಲಂಗಿಗೂ ಇದೇ ರೀತಿಯ ಕೆಳಮಿತಿ, ಮೇಲ್ಮಿತಿ. ವಾರಕ್ಕೆ ಎರಡು ಸಲ ಮನೆಗೆ ನಾಲ್ಕು ಕೆ.ಜಿ.ಯ ಚೀಲ, ತಿಂಗಳ ಹಣ ಮುಂಗಡ. ಸೂಪರ್‌ಮಾರ್ಕೆಟ್ ಎಷ್ಟೇ ದೊಡ್ಡದಾಗಿದ್ದರೂ ಕೊಡಲಾರದ ಒಂದೇ ಒಂದು ವಸ್ತು ಇದಾಗಿತ್ತು, ಏಕೆಂದರೆ ಅದಕ್ಕೆ ಹೊಲವಿಲ್ಲ. ಹನ್ನೆರಡು ಅಪಾರ್ಟ್‌ಮೆಂಟ್‌ಗಳಲ್ಲಿ ಆರು ಒಪ್ಪಿದವು, ಸುಮಾರು ನಾನೂರು ಮನೆ. ಒಪ್ಪಿಸುವಾಗ ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರನ್ನು ಹಿಡಿಯಬಾರದು ಎಂದಷ್ಟು ಹೇಳುತ್ತೇನೆ. ಯಾರನ್ನು ಹಿಡಿಯಬೇಕು ಎಂಬುದು ನಮ್ಮ ಬಂಡವಾಳ.

ನಮ್ಮೊಳಗೆ ಮಾಡಿಕೊಂಡ ನಿಯಮ ಮೂರು ಪಾಲಿನದು. ಯಾರ ಬೆಳೆಯಾದರೂ ಮೂರರಲ್ಲಿ ಒಂದು ಪಾಲು ಅಪಾರ್ಟ್‌ಮೆಂಟ್‌ಗೆ, ಒಂದು ಪಾಲು ಮಂಡಿಗೆ, ಒಂದು ಪಾಲು ಬೇಕಿದ್ದರೆ ಕಲೆಕ್ಷನ್ ಸೆಂಟರ್‌ಗೆ. ಸೆಂಟರ್‌ಗೆ ಮೂರನೆಯ ಒಂದಕ್ಕಿಂತ ಹೆಚ್ಚು ಕೊಡುವಂತಿಲ್ಲ, ಮಂಡಿಯನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಮಂಡಿಯನ್ನು ಬೈಯುವುದು ಸುಲಭ. ಆದರೆ ಮಳೆಯಲ್ಲಿ ಒಡೆದ ಹಣ್ಣನ್ನೂ ಯಾವುದೋ ಒಂದು ದರಕ್ಕೆ ಅಂದೇ ಕೊಳ್ಳುವವರು ಅವರೊಬ್ಬರೇ.

ಮೊದಲ ವರ್ಷ ವಿಶೇಷವೇನೂ ಆಗಲಿಲ್ಲ. ಗಾಡಿ ಬಾಡಿಗೆ, ಚೀಲ, ಜೋಡಿಸುವ ಹೆಂಗಸರ ಕೂಲಿ ಸೇರಿದರೆ ಕೆ.ಜಿ.ಗೆ ಐದಾರು ರೂಪಾಯಿ ಖರ್ಚು ಬೀಳುತ್ತಿತ್ತು. ಕೆಳಮಿತಿಯಲ್ಲಿ ಮಾರಿದಾಗ ನಮ್ಮ ಕೈಗೆ 14 ರೂಪಾಯಿ ಉಳಿಯುತ್ತಿತ್ತು. ಇದೇನು ಮಹಾ ಲಾಭ ಎಂದು ನಮ್ಮವರೇ ಕೇಳುತ್ತಿದ್ದರು.

ಉತ್ತರ ಸಿಕ್ಕಿದ್ದು 2023ರ ಏಪ್ರಿಲ್‌ನಲ್ಲಿ, ಆದರೆ ಆಗ ಅದು ಉತ್ತರವೆಂದು ನಮಗೂ ತಿಳಿಯಲಿಲ್ಲ. ಆ ಬೇಸಿಗೆಯಲ್ಲಿ ದರ ಹೇಗೆ ಬಿದ್ದಿತ್ತು ಎಂಬುದು ನಿಮಗೆಲ್ಲ ನೆನಪಿರುತ್ತದೆ. ಬಾಕ್ಸು ಐವತ್ತಕ್ಕೂ ಹೋಗದ ದಿನಗಳಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ಎಷ್ಟೋ ಜನ ಹಣ್ಣನ್ನು ರಸ್ತೆ ಬದಿಗೆ ಸುರಿದರು, ತೋಟಕ್ಕೆ ದನ ಬಿಟ್ಟರು. ಮುಂದಿನ ಬೆಳೆಗೆ ಸಸಿ ಹೇಳಿದ್ದವರು ಬೇಡವೆಂದರು. ನರ್ಸರಿಯಲ್ಲಿ ರೂಪಾಯಿಯ ಸಸಿಯನ್ನು ನಲವತ್ತು ಪೈಸೆಗೆ ಕೊಡಲು ಸಿದ್ಧರಿದ್ದರು. ನಾವು ಮಾತ್ರ ಸಸಿ ನೆಡಲೇಬೇಕಾಗಿತ್ತು, ಏಕೆಂದರೆ ಜುಲೈಯಲ್ಲೂ ನಾನೂರು ಮನೆಗೆ ಚೀಲ ಹೋಗಬೇಕಿತ್ತು, ತಿಂಗಳು ತಿಂಗಳು ಹಣ ಮುಂಗಡ ಬರುತ್ತಿತ್ತು, ಮತ್ತು ದರ ಎಷ್ಟೇ ಬಿದ್ದರೂ ಮೂರನೆಯ ಒಂದು ಪಾಲಿಗೆ 20 ರೂಪಾಯಿ ಖಚಿತವಿತ್ತು. ಏಪ್ರಿಲ್ ಕೊನೆಯಲ್ಲಿ ಸುಮಾರು ಎರಡು ಎಕರೆ ನೆಟ್ಟೆವು. ಬುದ್ಧಿವಂತಿಕೆಯಿಂದ ನೆಟ್ಟೆವು ಎಂದು ಈಗ ಹೇಳಿಕೊಳ್ಳಬಹುದು. ನಿಜಕ್ಕೂ ಮಾತಿಗೆ ಸಿಕ್ಕಿಬಿದ್ದು ನೆಟ್ಟೆವು.

ಬಿಳಿ ನೊಣದ ಕಾಟ, ಎಲೆ ಮುದುಡುವ ಬಿಂಗಿ ರೋಗ, ಊಜಿ ನೊಣ ಎಲ್ಲವೂ ಆ ವರ್ಷ ಜೋರಾಗಿದ್ದವು. ಎಕರೆಗೆ ಇಪ್ಪತ್ತೈದು ಟನ್ ಕಾಣುತ್ತಿದ್ದ ಜಾಗದಲ್ಲಿ ಹತ್ತು ಟನ್ ಸಿಕ್ಕಿರಬೇಕು. ಬಿಳಿ ನೊಣ ತಡೆಯಲು ಸುತ್ತ ನಾಲ್ಕು ಸಾಲು ಮೆಕ್ಕೆಜೋಳ ಹಾಕಿದ್ದು ಎಲ್ಲರೂ ಮಾಡುವ ಕೆಲಸವೇ. ಅದರ ಜೊತೆಗೆ ಸಸಿ ಹಂತದಲ್ಲಿ ಇನ್ನೊಂದು ಮಾಡಿದೆವು. ಎರಡು ವರ್ಷವೂ ಫಲ ಕೊಟ್ಟಿದೆ, ಮೂರನೆಯ ವರ್ಷವೂ ಕೊಟ್ಟರೆ ಆಗ ಹೇಳುತ್ತೇನೆ. ಮೊದಲ ಕೊಯ್ಲು ಜುಲೈ ಮೊದಲ ವಾರ ಬಂತು. ಏಪ್ರಿಲ್‌ನಲ್ಲಿ ಯಾರೂ ನೆಡದ ಸಸಿಯೇ ಜುಲೈನ ಅಭಾವವಾಗಿತ್ತು, ಅಕಾಲದ ಬಿಸಿಲೂ ರೋಗವೂ ಅದರ ಮೇಲೆ ಸೇರಿಕೊಂಡಿದ್ದವು.

ಕೊಯ್ಲು ನಡೆದ ಆರೂವರೆ ವಾರದಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ವಾರಕ್ಕೆ ಒಂದು ಟನ್‌ನಂತೆ 45ಕ್ಕೆ ಕೊಟ್ಟೆವು. ಮಂಡಿಯಲ್ಲಿ ಎಲ್ಲ ಖರ್ಚು ಕಳೆದು ಕೆ.ಜಿ.ಗೆ ನೂರರ ಹತ್ತಿರ ಸಿಗುತ್ತಿದ್ದ ದಿನಗಳವು. ನಮ್ಮ ಕೈಗೆ ಬಂದದ್ದು 39. ಅಂದರೆ ನಾಲ್ಕು ಲಕ್ಷದಷ್ಟು ಬಿಟ್ಟುಕೊಟ್ಟೆವು. ಊರಿನವರು ನಕ್ಕಿದ್ದು ಈ ನಾಲ್ಕು ಲಕ್ಷಕ್ಕೆ. ಉಳಿದ ಎರಡು ಪಾಲಿನಲ್ಲಿ ಸುಮಾರು ಹದಿಮೂರು ಟನ್ ಮಂಡಿಗೆ ಹೋಗಿ ಹನ್ನೆರಡು ಲಕ್ಷದ ಮೇಲೆ ತಂದಿತು ಎಂಬುದನ್ನೂ, ಕೆಳಮಿತಿಯ ಮಾತು ಇರದಿದ್ದರೆ ಆ ಹದಿಮೂರು ಟನ್ ಹೊಲದಲ್ಲೇ ಇರುತ್ತಿರಲಿಲ್ಲ ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಲೆಕ್ಷನ್ ಸೆಂಟರ್‌ನವರ ಪಾಲನ್ನೂ ಮಂಡಿಗೇ ಏಕೆ ಕಳಿಸಿದೆವು ಎಂಬುದನ್ನು ಹೇಳಬೇಕು. ಸೈಜು, ಬಣ್ಣ, ತೊಟ್ಟು ಎಂದು ಸತಾಯಿಸುತ್ತಿದ್ದ ಅದೇ ಸೂಪರ್‌ವೈಸರ್ ಖಾಲಿ ಬಾಕ್ಸುಗಳ ಸಮೇತ ಹೊಲದ ಬದುವಿಗೇ ಬಂದು, ಅಂಚು ಒಡೆದ ಹಣ್ಣನ್ನೂ ತುಂಬಿಕೊಳ್ಳಲು ಸಿದ್ಧರಾಗಿದ್ದರು. ಆದರೆ ಮಂಡಿಯಲ್ಲಿ ಕೆ.ಜಿ.ಗೆ 110 ಇದ್ದ ದಿನ ಮೇಲಿನವರು ಅವರಿಗೆ ಅನುಮತಿಸಿದ್ದ ದರ 70 ಮಾತ್ರ. ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಾಕ್ಸು ನೂರು ಇನ್ನೂರರ ನಡುವೆ ಬಂದು ಬಿದ್ದಾಗ ಮಾಲು ಹಾಕಲು ಬೇಕಾದ ನಮ್ಮ ವೆಂಡರ್ ಕೋಡ್ ಕೆಲಸ ಮಾಡುತ್ತಿಲ್ಲ ಎಂದರು. ಕೇಳಿದರೆ ಸಿಸ್ಟಮ್ ಸಮಸ್ಯೆಯಂತೆ. ಆ ಸಮಸ್ಯೆ ಮೂರು ತಿಂಗಳು ಸರಿಹೋಗಲಿಲ್ಲ. 2018ರಲ್ಲಾಗಿದ್ದರೆ ಈ ಮೂರು ತಿಂಗಳು ನನ್ನನ್ನು ಸಾಲಕ್ಕೆ ತಳ್ಳುತ್ತಿತ್ತು. ಈ ಸಲ ಆ ಪಾಲನ್ನು ಅರ್ಧ ಮಂಡಿಗೂ ಅರ್ಧ ಅಪಾರ್ಟ್‌ಮೆಂಟ್‌ಗೂ ಹಂಚಿದೆವು. ಜುಲೈನಲ್ಲಿ 45ಕ್ಕೆ ತಿಂದಿದ್ದ ಮನೆಗಳಿಗೆ ವಾರಕ್ಕೊಂದು ಕೆ.ಜಿ. ಹೆಚ್ಚು ತೆಗೆದುಕೊಳ್ಳಿ ಎಂದಾಗ, ಪಕ್ಕದ ಅಂಗಡಿಯಲ್ಲಿ 14ಕ್ಕೆ ಸಿಗುತ್ತಿದ್ದರೂ ಮುಕ್ಕಾಲು ಪಾಲು ಮನೆಯವರು ನಮ್ಮ 20ಕ್ಕೆ ತೆಗೆದುಕೊಂಡರು. ಇಷ್ಟು ಜನ ಮಾತಿಗೆ ನಿಲ್ಲುತ್ತಾರೆ ಎಂದು ನಾನೂ ಎಣಿಸಿರಲಿಲ್ಲ.

ನಮ್ಮೊಳಗೇ ಒಡಕು ಬಂದಿತ್ತು. ಜುಲೈ ಎರಡನೆಯ ವಾರ ಇಬ್ಬರು ತಮ್ಮ ಪಾಲನ್ನು ರಾತ್ರೋರಾತ್ರಿ ಕೋಲಾರಕ್ಕೆ ಸಾಗಿಸಿದರು. ಅಪಾರ್ಟ್‌ಮೆಂಟ್‌ನ ತೂಕ ಕಡಿಮೆ ಬಿದ್ದದ್ದನ್ನು ಉಳಿದ ಒಂಬತ್ತು ಮನೆಯವರು ತುಂಬಿಕೊಟ್ಟೆವು. ಹಾಗೆ ಸಾಗಿಸಿದ ಇಬ್ಬರಲ್ಲಿ ಒಬ್ಬರು ಮರು ವರ್ಷ ಬಂದು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿದಾಗ, ಒಂದು ವರ್ಷ ಬರೀ ಮೂಲಂಗಿ, ದಂಟಿನ ಸೊಪ್ಪು ಹಾಕಿಸಿ ಆಮೇಲೆ ಟೊಮೆಟೊ ಪಾಳಿ ಕೊಟ್ಟೆವು. ಹಣದ ದಂಡಕ್ಕಿಂತ ಇದು ಹೆಚ್ಚು ನಾಟಿತು.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಮೂರು ಬೆರಳಗಲ ಮರಳು, ಅದಕ್ಕೆ ಸದಾ ನೀರಿನ ಹನಿ: ಕರೆಂಟು ಬೇಡದ ಈ ತಂಪು ಪೆಟ್ಟಿಗೆಗೆ ಏಳೆಂಟು ಸಾವಿರ ಖರ್ಚಾಯಿತು. ಮಾರ್ಚ್, ಏಪ್ರಿಲ್‌ನ ಒಣ ಗಾಳಿಯಲ್ಲಿ ಬೀನ್ಸ್ ಮೂರು ದಿನ ಬಾಡದೆ ನಿಂತಿತು. ಮಳೆಗಾಲದ ತೇವದಲ್ಲಿ ಅದರೊಳಗೆ ಇಟ್ಟ ಸೊಪ್ಪು ಹೊರಗಿಟ್ಟದ್ದಕ್ಕಿಂತ ಮೊದಲು ಕೊಳೆಯಿತು. ಸೋಲಾರ್ ಡ್ರೈಯರ್‌ನಲ್ಲಿ ಟೊಮೆಟೊ ಒಣಗಿಸಲು ಹೋಗಿ ಅರವತ್ತು ಸಾವಿರ ಹಾಕಿದೆವು, ನೂರು ಕೆ.ಜಿ. ಹಣ್ಣಿಗೆ ಐದಾರು ಕೆ.ಜಿ. ಒಣ ಹೋಳು ಬರುತ್ತದೆ, ಹಣ್ಣು ಹೆಚ್ಚಾಗುವ ಮೋಡದ ದಿನಗಳಲ್ಲಿ ಬಿಸಿಲೇ ಇರುವುದಿಲ್ಲ. ಈಗ ಅದರಲ್ಲಿ ನನ್ನ ಹೆಂಡತಿ ಸಂಡಿಗೆ ಒಣಗಿಸುತ್ತಾಳೆ, ಸಂಡಿಗೆ ಚೆನ್ನಾಗಿ ಆಗುತ್ತದೆ. ನಾಲ್ಕು ಮನೆಯ ಹೆಂಗಸರು ಮಾಡುವ ಟೊಮೆಟೊ ತೊಕ್ಕು ಮಾತ್ರ ನಿಂತುಕೊಂಡಿದೆ. ಚೀಲದ ಜೊತೆ ತಿಂಗಳಿಗೆ ನೂರೈವತ್ತು ಬಾಟಲಿ ಹೋಗುತ್ತದೆ, ಒಡೆದ ಹಣ್ಣಿಗೆ ಅದೇ ದಾರಿ.

ಲೆಕ್ಕ ಕೇಳುವವರಿಗೆ: ಬಿಟ್ಟುಕೊಟ್ಟ ನಾಲ್ಕು ಲಕ್ಷದಲ್ಲಿ ಟೊಮೆಟೊದ ಕೆಳಮಿತಿಯಿಂದಲೇ ಈವರೆಗೆ ಎರಡು, ಎರಡೂಕಾಲು ಲಕ್ಷ ತಿರುಗಿ ಬಂದಿದೆ. ಉಳಿದದ್ದನ್ನು ಎಲೆಕೋಸು ತೀರಿಸಿತು, ಮಂಡಿಯಲ್ಲಿ ಕೆ.ಜಿ.ಗೆ ಎರಡು ರೂಪಾಯಿಯೂ ಹುಟ್ಟದ ದಿನಗಳಲ್ಲಿ ನಮ್ಮ ಕೈಗೆ ಎಂಟು ಉಳಿಯುತ್ತಿತ್ತು. ಇಡೀ ಗುಂಪಿಗೆ ವರ್ಷಕ್ಕೆ ಎಕರೆಗೆ ಹಿಂದಿಗಿಂತ ಮೂವತ್ತು ಮೂವತ್ತೈದು ಸಾವಿರ ಹೆಚ್ಚು ಉಳಿಯುತ್ತಿದೆ ಎಂದು ನನ್ನ ಅಂದಾಜು. ಈ ವರ್ಷ ಮೇಲ್ಮಿತಿಯನ್ನು 50ಕ್ಕೆ, ಕೆಳಮಿತಿಯನ್ನು 22ಕ್ಕೆ ಏರಿಸಲು ಕೇಳಿದೆವು. ನಾಲ್ಕು ಅಪಾರ್ಟ್‌ಮೆಂಟ್‌ನವರು ಒಪ್ಪಿದರು, ಒಬ್ಬರು ಬೋರ್‌ವೆಲ್ ಕರೆಂಟು ಬಿಲ್ಲು ತೋರಿಸಿ ಎಂದರು, ತೋರಿಸಿದೆವು. ಆರನೆಯವರು ಇನ್ನೂ ಸಭೆ ಕರೆಯಬೇಕಂತೆ.

ವೆಂಡರ್ ಕೋಡ್ ತಾನಾಗಿಯೇ ಸರಿಹೋಗಿದೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಸೆಂಟರ್‌ನಿಂದ 600 ಕೆ.ಜಿ. ಬೀನ್ಸ್‌ಗೆ ಇಂಡೆಂಟ್ ಬಂದಿತ್ತು. ನಮ್ಮಲ್ಲಿ 600 ಇತ್ತು. 200 ಎಂದು ಉತ್ತರಿಸಿ ಮಲಗಿದೆ.