12 ವರ್ಷದ ಲೆಕ್ಕ ಹಾಕಿ ಎನ್‌ಸ್ಟ್ರಾಮ್ ಕೊಂಡೆ

ಆರು ವರ್ಷದ ಹಿಂದೆ ಹಳೇ ಎನ್‌ಸ್ಟ್ರಾಮ್ ಎಫ್-28ಎಫ್ ಹೆಲಿಕಾಪ್ಟರ್ ಕೊಂಡಾಗ, ಅಮೆರಿಕದ ಮಿಷಿಗನ್‌ನ ನಮ್ಮ ಹ್ಯಾಂಗರಿನಲ್ಲಿ ಒಬ್ಬರೂ ಒಪ್ಪಲಿಲ್ಲ. ರಾಬಿನ್ಸನ್ ಕಂಪನಿಯ ಆರ್44 ಹೆಲಿಕಾಪ್ಟರ್ ತಗೋ, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತೆ ಅಂದರು. 2022ರ ಜನವರಿಯಲ್ಲಿ ಮೆನಾಮಿನಿಯ ಎನ್‌ಸ್ಟ್ರಾಮ್ ಕಾರ್ಖಾನೆ ದಿವಾಳಿಯಾಗಿ ಮುಚ್ಚಿದಾಗ 'ನಾವು ಹೇಳಿರಲಿಲ್ವಾ' ಅಂದರು. ಕೆಲವೇ ತಿಂಗಳಲ್ಲಿ ಹೊಸ ಮಾಲೀಕರು ಬಂದರು. ಈಗ ಸುಮಾರು 370 ಗಂಟೆ ಹಾರಿಸಿದ್ದೇನೆ. ಲೆಕ್ಕ ಸರಿಯಾಗಿಯೇ ಇತ್ತು.

ಆರ್44ಗೆ 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಪೂರ್ತಿ ಓವರ್‌ಹಾಲ್, ಅಂದರೆ ಇಡೀ ಮೆಷಿನ್ ಬಿಚ್ಚಿ ಹೊಸದಾಗಿ ಕಟ್ಟಬೇಕು. ನಾನು ಕೇಳಿದಾಗ ಎರಡೂವರೆ ಲಕ್ಷ ಡಾಲರ್ ಹತ್ತಿರ ಹೇಳಿದ್ದರು. ಹಾರಾಟ ಕಲಿಸುವ ಶಾಲೆಯವರು 2200 ಗಂಟೆ ಹಾರಿಸಿ ಮುಗಿಸುತ್ತಾರೆ, ಅವರಿಗೆ ಗಂಟೆಗೆ 115 ಡಾಲರ್ ಬೀಳುತ್ತೆ. ನಾನು ವರ್ಷಕ್ಕೆ 60 ಗಂಟೆ ಹಾರಿಸುವವನು. 12 ವರ್ಷಕ್ಕೆ 720 ಗಂಟೆ. ಓವರ್‌ಹಾಲ್ ಒಂದಕ್ಕೇ ಗಂಟೆಗೆ 350 ಆಗುತ್ತಿತ್ತು! ಎನ್‌ಸ್ಟ್ರಾಮ್‌ನಲ್ಲಿ ಹಾಗೆ ಇಡೀ ಮೆಷಿನ್ ಬಿಚ್ಚುವ ಗಡುವು ಇಲ್ಲ. ಪೆಟ್ರೋಲ್, ಹ್ಯಾಂಗರ್, ಇನ್ಶೂರೆನ್ಸ್, ರಿಪೇರಿ ಎಲ್ಲ ಸೇರಿ ನನಗೆ ಗಂಟೆಗೆ 450ರ ಆಸುಪಾಸು. ಆನ್ಯುಯಲ್‌ನಲ್ಲಿ, ಅಂದರೆ ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ, ಬಿಚ್ಚುವುದು, ಜೋಡಿಸುವುದು ನಾನೇ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕುತ್ತಾರೆ.

ಸುರಕ್ಷತೆಯ ಲೆಕ್ಕವೂ ಇತ್ತು. ನಾನು ಕಲಿತದ್ದು ರಾಬಿನ್ಸನ್‌ನ ಚಿಕ್ಕ ಹೆಲಿಕಾಪ್ಟರ್ ಆರ್22ನಲ್ಲಿ. ಎರಡು ಬ್ಲೇಡಿನ ಆ ರೋಟರಿಗೆ ಲೋ-ಜಿ, ಅಂದರೆ ಹಾರುವಾಗ ಮೈ ಹಗುರಾಗುವ ಸ್ಥಿತಿ, ಆಗದು. ಮಾಸ್ಟ್ ಬಂಪಿಂಗ್ ಆಗಬಹುದು, ಅಂದರೆ ರೋಟರಿನ ತಲೆ ಅದನ್ನು ಹೊತ್ತ ದಂಡಕ್ಕೇ ಬಡಿಯಬಹುದು. ಅದಕ್ಕೇ ಅಲ್ವಾ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 1995ರಲ್ಲಿ ಆರ್22, ಆರ್44ಗೆ ಬೇರೆಯೇ ತರಬೇತಿ ನಿಯಮ ತಂದದ್ದು. ಇಂಜಿನ್ ನಿಂತರೆ ಆರ್22ನಲ್ಲಿ ಕಲೆಕ್ಟಿವ್ (ಬ್ಲೇಡುಗಳ ಓರೆ ಬದಲಿಸುವ ಹಿಡಿ) ಇಳಿಸಲು ಒಂದೆರಡು ಸೆಕೆಂಡ್ ಕೂಡ ಪೂರ್ತಿ ಸಿಗುವುದಿಲ್ಲ. ನನ್ನದರ ಮೂರು ಬ್ಲೇಡೂ ಭಾರದವು, ಆಟೋರೊಟೇಷನ್‌ನಲ್ಲಿ, ಅಂದರೆ ಇಂಜಿನ್ ಇಲ್ಲದೆ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ಇಳಿಯುವಾಗ, ಕೊನೆಯವರೆಗೂ ರೋಟರಿನಲ್ಲಿ ಶಕ್ತಿ ಉಳಿದಿರುತ್ತೆ. ಆರ್44 ಕೊಳ್ಳುವವರು ಬ್ಲ್ಯಾಡರ್ ಟ್ಯಾಂಕ್, ಅಂದರೆ ಅಪಘಾತದಲ್ಲಿ ಸುಲಭಕ್ಕೆ ಒಡೆಯದ ರಬ್ಬರಿನಂಥ ಚೀಲವಿರುವ ಇಂಧನದ ಟ್ಯಾಂಕ್, ಹಾಕಿದೆಯಾ ಅಂತ ಮೊದಲು ನೋಡಿ. ಹಳೇ ಅಲ್ಯುಮಿನಿಯಂ ಟ್ಯಾಂಕಿನದು ಬೇಡವೇ ಬೇಡ.

ಮೂರು ಬ್ಲೇಡಿಗೂ ಬೆಲೆ ತೆತ್ತಿದ್ದೇನೆ. ಮೊದಲ ಚಳಿಗಾಲ ಸ್ಟಿಕ್ (ಹಾರಿಸುವಾಗ ಕೈಯಲ್ಲಿ ಹಿಡಿಯುವ ಕೋಲು) ನಡುಗಲು ಶುರುವಾಯಿತು. ಒಂದು ವರ್ಕ್‌ಶಾಪಿನಲ್ಲಿ ಮೂರು ಸಲ ಟ್ರ್ಯಾಕ್ ಮಾಡಿಸಿದೆ, ಅಂದರೆ ಬ್ಲೇಡುಗಳೆಲ್ಲ ಒಂದೇ ಮಟ್ಟದಲ್ಲಿ ತಿರುಗುವಂತೆ ಹೊಂದಿಸಿದರು, ನಾಲ್ಕು ಸಾವಿರ ಡಾಲರ್ ಹೋಯಿತು. ನಡುಕ ಹೋಗಲಿಲ್ಲ. ಕೊನೆಗೆ ಫೋನನ್ನು ಸೀಟಿನ ಚೌಕಟ್ಟಿಗೆ ಬಿಗಿದು ವೈಬ್ರೇಷನ್ ರೆಕಾರ್ಡ್ ಮಾಡಿದೆ. ಸೆಕೆಂಡಿಗೆ ಆರರ ಹತ್ತಿರ, ಅಂದರೆ ರೋಟರಿನ ಒಂದು ಸುತ್ತಿಗೆ ಒಂದು ಏಟು. ಒಂದೇ ಬ್ಲೇಡಿನ ಕಡೆ ತೊಂದರೆ ಅನಿಸಿ, ಬ್ಲೇಡ್ ಹಿಂದೆಮುಂದೆ ಓಲಾಡದಂತೆ ತಡೆಯುವ, ಎಣ್ಣೆ ತುಂಬಿದ ಡ್ಯಾಂಪರ್ ಬಿಚ್ಚಿ ಮೂರನ್ನೂ ಪಕ್ಕಪಕ್ಕ ಇಟ್ಟು ಎಳೆದು ನೋಡಿದೆವು. ಒಂದು ಉಳಿದೆರಡಕ್ಕಿಂತ ಸಡಿಲ. ಅದನ್ನು ಸರಿಮಾಡಿಸಲು ಆರುನೂರು ಡಾಲರ್ ಸಾಕಾಯಿತು. ಸಡಿಲ ಡ್ಯಾಂಪರಿನ ಜೊತೆಗೆ ಓಲಿಯೋ (ನೆಲದ ಮೇಲೆ ನಿಲ್ಲುವ ಸ್ಕಿಡ್ ಕಾಲುಗಳ ಶಾಕ್ ಅಬ್ಸಾರ್ಬರ್) ಕೂಡ ಕುಸಿದಿದ್ದರೆ ಗ್ರೌಂಡ್ ರೆಸೊನೆನ್ಸ್ ಬಂದು, ಅಂದರೆ ನೆಲದ ಮೇಲೇ ನಡುಕ ಏರುತ್ತಾ ಹೋಗಿ, ಮೆಷಿನ್ ಚೂರಾಗಬಹುದಿತ್ತು. ಅಂದಿನಿಂದ ಪ್ರತಿ ಹಾರಾಟಕ್ಕೂ ಮುಂಚೆ ಓಲಿಯೋದ ಎತ್ತರ ಅಳೆಯುತ್ತೇನೆ.

ಮೂರೂ ಡ್ಯಾಂಪರ್ ಸಮ ಮಾಡಲು ನಾನು ಬಳಸುವ ಎಣ್ಣೆ ತುಂಬುವ ಉಪಾಯ ಇಲ್ಲಿ ಬರೆಯುವುದಿಲ್ಲ. ನನ್ನ ಮೆಕ್ಯಾನಿಕ್‌ನ ಎದುರಿಗೇ ನಾನು ಮಾಡಿ ತೋರಿಸಿ ಒಪ್ಪಿಸಿದ್ದು ಅದು, ಕಣ್ಣಾರೆ ನೋಡದೆ ಮಾಡಬಾರದು.

ಈಗ ಇನ್ನೊಂದು ಲೆಕ್ಕ ನಡೆದಿದೆ. ಈ ಚಳಿಗಾಲ ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್‌ಗೆ ರಾತ್ರಿಯಿಡೀ ಬಿಸಿ ಕೊಟ್ಟು ಒಮ್ಮೆ, ಎರಡೇ ಗಂಟೆ ಕೊಟ್ಟು ಒಮ್ಮೆ ಎಣ್ಣೆ ಪರೀಕ್ಷೆಗೆ ಕಳಿಸಿದ್ದೇನೆ. ಎರಡರಲ್ಲೂ ಇಂಜಿನ್ ಸವೆತ ತೋರಿಸುವ ಲೋಹದ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಂತು. ಮಾರ್ಚಿನೊಳಗೆ ಇನ್ನೂ ಎರಡು ಸಲ ಕಳಿಸುತ್ತೇನೆ.