ಔಷಧೀಯ ಸಸ್ಯದ ಸಾರ: ದ್ರಾವಕಗಳನ್ನು ಹೋಲಿಸಿ ನೋಡುವ ಬಗೆ

ಒಂದು ಸಸ್ಯಕ್ಕೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿಯಿದೆಯೇ ಎಂದು ಕೇಳುವವರು, ಅದರ ಸಾರವನ್ನು ಯಾವ ದ್ರಾವಕದಿಂದ ತೆಗೆಯಲಾಗಿದೆ ಎಂಬುದನ್ನೂ ಕೇಳಲೇಬೇಕು. ನೀರು ಟ್ಯಾನಿನ್, ಸಕ್ಕರೆಗಳನ್ನು ಸೆಳೆಯುತ್ತದೆ. ಹೆಕ್ಸೇನ್ ಎಂಬ ದ್ರಾವಕ ಮೇಣ, ಎಣ್ಣೆ ಮತ್ತು ಹಲವು ಟರ್ಪೀನ್‌ಗಳನ್ನು ಕರಗಿಸಿಕೊಳ್ಳುತ್ತದೆ. ಫ್ಲೇವನಾಯ್ಡ್‌ಗಳಂಥವಕ್ಕೆ ಮೆಥನಾಲ್, ಎಥನಾಲ್, ಅಸಿಟೋನ್ ಹೆಚ್ಚು ಒಗ್ಗುತ್ತವೆ. ಅರಿಶಿನದ ಹಳದಿ ಸಂಯುಕ್ತ ಕರ್ಕ್ಯುಮಿನ್ ನೀರಿನಲ್ಲಿ ಬಹುತೇಕ ಕರಗುವುದೇ ಇಲ್ಲ. ಆದ್ದರಿಂದ ಅರಿಶಿನದ ನೀರಿನ ಸಾರ ಸೋತರೆ ಕರ್ಕ್ಯುಮಿನ್ ಸೋತಿತೆಂದು ತೀರ್ಮಾನಿಸುವುದು ತಪ್ಪು.

ನೆರಳಿನಲ್ಲಿ ಒಣಗಿಸಿದ ಒಂದೇ ಕಂತಿನ ಪುಡಿಯಿಂದ ಪ್ರತಿ ದ್ರಾವಕಕ್ಕೂ 10 ಗ್ರಾಂ ತೂಗಿ, 100 ಮಿ.ಲೀ. ದ್ರಾವಕದಲ್ಲಿ ಹಾಕಿ, ಮುಚ್ಚಿದ ಫ್ಲಾಸ್ಕ್‌ನಲ್ಲಿ 48 ಗಂಟೆ ಅಲುಗಾಡಿಸುತ್ತಿರಿ. ಮೊದಲ ಪರೀಕ್ಷೆಗೆ ಒಂದೇ ದ್ರಾವಕ ಸಾಕೆನ್ನುವವರಿಗೆ ನನ್ನ ಆಯ್ಕೆ ಶೇ. 70ರ ಎಥನಾಲ್, ಏಕೆಂದರೆ ಅದರಲ್ಲಿರುವ ನೀರು ಒಣ ಜೀವಕೋಶಗಳನ್ನು ಉಬ್ಬಿಸಿ ಎಥನಾಲ್ ಒಳಗಿಳಿಯಲು ದಾರಿ ಮಾಡಿಕೊಡುತ್ತದೆ. ಬೆಳ್ಳುಳ್ಳಿಗೆ ಮಾತ್ರ ಈ ಕ್ರಮ ಹೊಂದದು: ಹಸಿ ಎಸಳನ್ನು ಜಜ್ಜಿ ಕೆಲವು ನಿಮಿಷ ಬಿಟ್ಟರೆ ಅಲಿನೇಸ್ ಎಂಬ ಕಿಣ್ವ ಅಲಿಸಿನ್ ಅನ್ನು ಉಂಟುಮಾಡುತ್ತದೆ, ಇಡೀ ಎಸಳನ್ನೇ ಕುದಿಯುವ ನೀರಿಗೆ ಹಾಕಿದರೆ ಆ ಕಿಣ್ವವೇ ಕೆಡುತ್ತದೆ.

ಸೋಸಿದ ದ್ರವವನ್ನು ಕಡಿಮೆ ಒತ್ತಡದಲ್ಲಿ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಬೆಂಕಿಯಿಂದ ದೂರವಾಗಿ ಆವಿ ಮಾಡಿ. ತೂಕ ಸ್ಥಿರವಾಗುವವರೆಗೂ ಒಣಗಿಸಿ. ಉಳಿದ ಮೆಥನಾಲ್ ಕೂಡ ಬ್ಯಾಕ್ಟೀರಿಯಾಗಳನ್ನು ತಡೆಯಬಲ್ಲದು, ಆ ಕೀರ್ತಿ ಸಸ್ಯಕ್ಕೆ ಸಲ್ಲಬಾರದು. ಸಾರವನ್ನು ಡಿಎಂಎಸ್‌ಒದಲ್ಲಿ (ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ) ಕರಗಿಸಿದರೆ, ಅಷ್ಟೇ ಡಿಎಂಎಸ್‌ಒ ಮಾತ್ರ ಇರುವ ಗುಣಿಯೊಂದನ್ನು (ಪರೀಕ್ಷಾ ಫಲಕದ ಚಿಕ್ಕ ಕುಳಿ) ಹೋಲಿಕೆಗೆ ಪಕ್ಕದಲ್ಲಿಡಿ.

ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂಬ ಜೆಲ್ಲಿಯ ಮೇಲೆ ಸಾರದಲ್ಲಿ ನೆನೆಸಿದ ಕಾಗದದ ಡಿಸ್ಕ್ ಇಟ್ಟು, ಸುತ್ತ ಬೆಳವಣಿಗೆಯಿಲ್ಲದ ವಲಯ ಅಳೆಯುವುದು ಸುಲಭ, ಆದರೆ ದ್ರಾವಕಗಳ ಹೋಲಿಕೆಗೆ ಅದು ನ್ಯಾಯ ಒದಗಿಸದು. ಹೆಕ್ಸೇನ್ ಸಾರ ನೀರಿನಂಶ ತುಂಬಿದ ಅಗರ್‌ನಲ್ಲಿ ಹರಡಲಾರದೆ ಡಿಸ್ಕ್‌ನ ಸುತ್ತ ಎಣ್ಣೆಯ ಅಂಚಿನಂತೆ ನಿಂತುಬಿಡುತ್ತದೆ, ವಲಯ ಚಿಕ್ಕದಾಗಿ ಕಾಣುತ್ತದೆ. ಬದಲಿಗೆ 96 ಗುಣಿಗಳ ಫಲಕದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮ್ಯೂಲರ್-ಹಿಂಟನ್ ದ್ರವ ಮಾಧ್ಯಮ ಹಾಕಿ, ಸಾರವನ್ನು ಸಾಲಾಗಿ ಅರ್ಧರ್ಧ ತೆಳುಮಾಡುತ್ತಾ ಹೋಗಿ, ಪ್ರತಿ ಮಿ.ಲೀ.ಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ ಸೇರಿಸಿ. ಮರುದಿನ ರೆಸಝುರಿನ್ ಎಂಬ ಬಣ್ಣ ಹನಿಸಿದರೆ ಜೀವಂತ ಬ್ಯಾಕ್ಟೀರಿಯಾ ಇರುವ ಗುಣಿ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿದ ಗುಣಿಗಳಲ್ಲಿ ಅತಿ ತೆಳುವಾದುದರಲ್ಲಿರುವ ಸಾರದ ಪ್ರಮಾಣವೇ ಕನಿಷ್ಠ ಪ್ರತಿಬಂಧಕ ಪ್ರಮಾಣ. ಸಾರವೇ ಗಾಢ ಬಣ್ಣದ್ದಾದರೆ ಆ ಗುಣಿಗಳಿಂದ ಒಂದೊಂದು ಹನಿ ಅಗರ್‌ಗೆ ಹಾಕಿ ಬೆಳವಣಿಗೆ ನೋಡಿ. ಎಶ್ಚೆರಿಚಿಯಾ ಕೋಲೈಯ ಹೊರಪೊರೆ ಅನೇಕ ಸಸ್ಯ ರಾಸಾಯನಿಕಗಳನ್ನು ತಡೆಯುವುದರಿಂದ, ಅದರ ಜೊತೆ ಅಂಥ ಹೊರಪೊರೆಯಿಲ್ಲದ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೂ ಪರೀಕ್ಷಿಸಿ.

ಕೊನೆಗೆ ಇಳುವರಿಯನ್ನೂ ಲೆಕ್ಕಕ್ಕೆ ತನ್ನಿ. 10 ಗ್ರಾಂ ಪುಡಿಯಿಂದ ಮೆಥನಾಲ್ 1,500 ಮಿ.ಗ್ರಾಂ ಸಾರ ಕೊಟ್ಟು ಅದರ ಕನಿಷ್ಠ ಪ್ರಮಾಣ ಮಿ.ಲೀ.ಗೆ 1 ಮಿ.ಗ್ರಾಂ ಇದೆ, ಹೆಕ್ಸೇನ್ 200 ಮಿ.ಗ್ರಾಂ ಕೊಟ್ಟು 0.25 ಇದೆ ಎಂದುಕೊಳ್ಳಿ. ತೂಕವನ್ನು ಆ ಪ್ರಮಾಣದಿಂದ ಭಾಗಿಸಿದರೆ ಮೊದಲನೆಯದು 1,500 ಮಿ.ಲೀ.ವರೆಗೆ ತೆಳುವಾದರೂ ಬೆಳವಣಿಗೆ ತಡೆಯುತ್ತದೆ, ಎರಡನೆಯದು 800 ಮಿ.ಲೀ.ವರೆಗೆ. ಹೆಚ್ಚು ಸಾರ ಬೇಕಾದವರಿಗೆ ಮೆಥನಾಲ್ ಸರಿ. ಶುದ್ಧ ಸಂಯುಕ್ತ ಹುಡುಕುವವರು ಕಡಿಮೆ ಪ್ರಮಾಣದಲ್ಲೇ ಬೆಳವಣಿಗೆ ತಡೆಯುವ ಹೆಕ್ಸೇನ್ ಸಾರದಿಂದಲೇ ಬೇರ್ಪಡಿಸಲು ತೊಡಗಬೇಕು.